ಕ್ಯಾನ್ಸರ್ ಟ್ರಯಲ್‌ಗೆ ಸೇರುವ ಮುನ್ನ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕ್ಯಾನ್ಸರ್ ಔಷಧಿಗಳ ಕ್ಲಿನಿಕಲ್ ಟ್ರಯಲ್‌ಗೆ (ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನಕ್ಕೆ) ಸೇರಬಹುದೇ, ಸೇರಿದರೆ ಏನೇನಾಗುತ್ತದೆ ಎಂದು ಕೇಳಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು, ಗುರುತು ಬಿಟ್ಟಿದ್ದೇವೆ; ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಪ್ರತಿ ಟ್ರಯಲ್‌ಗೂ ಅದರದೇ ನಿಯಮಗಳ ಪುಸ್ತಕ ಇರುತ್ತದೆ, ಅದಕ್ಕೆ ಪ್ರೋಟೋಕಾಲ್ ಎನ್ನುತ್ತಾರೆ. ನಾವು ಕೊಡುವ ಅಂಕಿಗಳು ಸಾಮಾನ್ಯವಾಗಿ ಕಾಣಸಿಗುವಂಥವು. ನಿಮ್ಮ ಪ್ರೋಟೋಕಾಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ, ಶ್ವಾಸಕೋಶದ ಕ್ಯಾನ್ಸರ್. ಎರಡು ಬಗೆಯ ಚಿಕಿತ್ಸೆ ಆಯಿತು, ಎರಡೂ ಈಗ ಕೆಲಸ ಮಾಡುತ್ತಿಲ್ಲ. ಡಾಕ್ಟರು ‘ಫೇಸ್ ಒನ್ ಟ್ರಯಲ್ ಇದೆ, ಯೋಚಿಸಿ’ ಅಂದರು. ಅಪ್ಪನನ್ನು ಪ್ರಯೋಗಪಶು ಮಾಡಿಕೊಳ್ಳುತ್ತಾರೇನೋ ಎಂದು ಅಮ್ಮನಿಗೆ ಭಯ. ಗುಣವಾಗುವ ಸಾಧ್ಯತೆ ಎಷ್ಟು?

ಮೊದಲು ಆ ಟ್ರಯಲ್ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಎಂದು ತಿಳಿದುಕೊಳ್ಳಿ. ಮೊದಲ ಹಂತದ, ಅಂದರೆ ಫೇಸ್ ಒನ್, ಟ್ರಯಲ್ ಕೇಳುವುದು ಎಷ್ಟು ಡೋಸ್ ಕೊಟ್ಟರೆ ದೇಹ ತಡೆದುಕೊಳ್ಳುತ್ತದೆ ಎಂದು. ಆ ಡೋಸ್‌ನಲ್ಲಿ ಗಡ್ಡೆ ಕುಗ್ಗುತ್ತದೆಯೇ ಎಂಬುದನ್ನು ಎರಡನೆಯ ಹಂತ ನೋಡುತ್ತದೆ. ಈಗ ಬಳಕೆಯಲ್ಲಿರುವ ಚಿಕಿತ್ಸೆಗಿಂತ ಇದು ಮೇಲೋ ಅಲ್ಲವೋ ಎಂಬುದು ಮೂರನೆಯ ಹಂತದ ಕೆಲಸ. ಅದಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಜನ ಬೇಕು. ಮೊದಲ ಹಂತಕ್ಕೆ ಹತ್ತಾರು ಜನ ಸಾಕು.

ಮೊದಲ ಹಂತದಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ ಹೀಗಿದೆ. ಮೂವರಿಗೆ ತೀರಾ ಕಡಿಮೆ ಡೋಸ್ ಕೊಟ್ಟು ಸಾಮಾನ್ಯವಾಗಿ 21 ಅಥವಾ 28 ದಿನ ಕಾಯುತ್ತಾರೆ. ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಒಂದು ಮೆಟ್ಟಿಲು ಹೆಚ್ಚಿನ ಡೋಸ್. ಒಬ್ಬರಿಗೆ ತೊಂದರೆಯಾದರೆ ಅದೇ ಡೋಸ್‌ನಲ್ಲಿ ಇನ್ನೂ ಮೂವರನ್ನು ಸೇರಿಸಿ ನೋಡುತ್ತಾರೆ. ಇಬ್ಬರಿಗಾದರೆ ಏರಿಕೆ ಅಲ್ಲಿಗೇ ನಿಲ್ಲುತ್ತದೆ. ಈಗ ಗಣಿತದ ಲೆಕ್ಕಾಚಾರ ಆಧರಿಸಿದ ಬೇರೆ ಕ್ರಮಗಳೂ ಬಂದಿವೆ, ಆದರೆ ಹೆಜ್ಜೆ ಹೆಜ್ಜೆಯಾಗಿ ಏರುವ ತತ್ವ ಅದೇ. ಆದ್ದರಿಂದ ನಿಮ್ಮ ತಂದೆ ಸೇರುವುದು ಎಷ್ಟನೆಯ ಮೆಟ್ಟಿಲಿಗೆ ಎಂಬುದು ಬಹಳ ಮುಖ್ಯ. ಕೆಳಗಿನ ಮೆಟ್ಟಿಲಿನಲ್ಲಿ ಅಡ್ಡಪರಿಣಾಮ ಕಡಿಮೆ, ಔಷಧಿ ಕೆಲಸ ಮಾಡುವ ಮಟ್ಟಕ್ಕೆ ಏರದೇ ಇರುವ ಸಾಧ್ಯತೆಯೂ ಉಂಟು. ಮೇಲಿನ ಮೆಟ್ಟಿಲಿನಲ್ಲಿ ಅಡ್ಡಪರಿಣಾಮವೂ ಹೆಚ್ಚು, ಔಷಧಿ ಕೆಲಸ ಮಾಡುವ ಸಾಧ್ಯತೆಯೂ ಹೆಚ್ಚು. ‘ಇವರು ಯಾವ ಡೋಸ್ ಮಟ್ಟಕ್ಕೆ ಸೇರುತ್ತಾರೆ, ಈವರೆಗೆ ಎಷ್ಟು ಜನ ತೆಗೆದುಕೊಂಡಿದ್ದಾರೆ, ಅವರಲ್ಲಿ ಏನಾಯಿತು’ ಎಂದು ನೇರವಾಗಿ ಕೇಳಿ. ಉತ್ತರ ಟ್ರಯಲ್ ನಡೆಸುವ ವೈದ್ಯರ ಬಳಿ ಇರುತ್ತದೆ.

ಇನ್ನು ಸಾಧ್ಯತೆಯ ಮಾತು. 1991ರಿಂದ 2002ರವರೆಗಿನ 460 ಮೊದಲ ಹಂತದ ಕ್ಯಾನ್ಸರ್ ಟ್ರಯಲ್‌ಗಳನ್ನು, ಅಂದರೆ ಸುಮಾರು 12 ಸಾವಿರ ರೋಗಿಗಳನ್ನು, ಒಟ್ಟಾಗಿ ಪರಿಶೀಲಿಸಿದಾಗ ಗಡ್ಡೆ ಗಣನೀಯವಾಗಿ ಕುಗ್ಗಿದ್ದು 100ಕ್ಕೆ ಸುಮಾರು 10 ಜನರಲ್ಲಿ. ಔಷಧಿಯಿಂದಲೇ ಸಾವು ಸಂಭವಿಸಿದ್ದು ಸುಮಾರು 200ಕ್ಕೆ ಒಬ್ಬರಲ್ಲಿ. ಕುಗ್ಗುವುದು ಎಂದರೆ ಗುಣವಾಗುವುದು ಎಂದಲ್ಲ, ಇದನ್ನು ಮನೆಯವರೆಲ್ಲ ಸರಿಯಾಗಿ ತಿಳಿದಿರಬೇಕು. ಅಪರೂಪಕ್ಕೆ ದೊಡ್ಡ ಗೆಲುವೂ ಸಿಗುತ್ತದೆ. ಒಂದು ಬಗೆಯ ದೀರ್ಘಕಾಲಿಕ ರಕ್ತದ ಕ್ಯಾನ್ಸರ್‌ಗೆ ಬಂದ ಇಮಾಟಿನಿಬ್ ಮಾತ್ರೆಯ ಮೊದಲ ಹಂತ 1998ರಲ್ಲಿ ಶುರುವಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತಕಣಗಳ ಎಣಿಕೆ ಸರಿಯಾಯಿತು. ಅಂಥದ್ದನ್ನೇ ನಿರೀಕ್ಷಿಸಿ ಸೇರಬೇಡಿ. ಗಡ್ಡೆಯಲ್ಲಿ ನಿರ್ದಿಷ್ಟ ಜೀನ್ ಬದಲಾವಣೆ ಇದ್ದು, ಔಷಧಿ ಅದನ್ನೇ ಗುರಿಯಾಗಿಸಿಕೊಂಡಿದ್ದರೆ ನಿರೀಕ್ಷೆಗೆ ಹೆಚ್ಚಿನ ಆಧಾರ ಇರುತ್ತದೆ. ಅದನ್ನೂ ಕೇಳಿ.

ಅಮ್ಮನ ಭಯ ಸಹಜವಾದದ್ದು. ಒಪ್ಪಿಗೆ ಇಲ್ಲದೆ ಮನುಷ್ಯರ ಮೇಲೆ ಪ್ರಯೋಗ ನಡೆದ ಕರಾಳ ಕಾಲ ಇತ್ತು. ಅದಕ್ಕೆಂದೇ 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ ಬಂದವು. ಇಂದು ಎಥಿಕ್ಸ್ ಕಮಿಟಿ (ನೈತಿಕತೆ ನೋಡುವ ಸಮಿತಿ) ಒಪ್ಪದೆ ಟ್ರಯಲ್ ಶುರುವಾಗುವಂತಿಲ್ಲ. ಆ ಕಮಿಟಿಯಲ್ಲಿ ವಿಜ್ಞಾನಕ್ಕೆ ಸಂಬಂಧಿಸದ ಒಬ್ಬರಾದರೂ, ಆ ಆಸ್ಪತ್ರೆಗೆ ಸೇರದ ಒಬ್ಬರಾದರೂ ಇರಲೇಬೇಕು. ಸೇರುವುದು ಬೇಡ ಎಂದರೂ ತಂದೆಯವರ ಆರೈಕೆ ನಿಲ್ಲುವುದಿಲ್ಲ. ನೋವು, ಉಸಿರಾಟದ ತೊಂದರೆಗಳನ್ನು ತಗ್ಗಿಸುವ ಉಪಶಮನ ಚಿಕಿತ್ಸೆಯೂ ಒಂದು ಪೂರ್ಣ ಆಯ್ಕೆ. ಟ್ರಯಲ್ ಜೊತೆಗೂ ಅದನ್ನು ಪಡೆಯಬಹುದು, ಪಡೆಯಲೇಬೇಕು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನನಗೆ ಸ್ತನ ಕ್ಯಾನ್ಸರ್. ಮೂರನೆಯ ಹಂತದ ಟ್ರಯಲ್‌ನಲ್ಲಿ ಹೊಸ ಔಷಧಿ ಸಿಗುತ್ತದೋ ಇಲ್ಲವೋ ಕಂಪ್ಯೂಟರ್ ತೀರ್ಮಾನಿಸುತ್ತದೆ ಎಂದರು. ಸಕ್ಕರೆ ಮಾತ್ರೆ ಕೊಟ್ಟು ಸುಮ್ಮನಿರಿಸಿಬಿಟ್ಟರೆ? ಡಾಕ್ಟರಿಗೆ ಹೇಳಿ ಹೊಸದನ್ನೇ ಹಾಕಿಸಿಕೊಳ್ಳಲು ಆಗುವುದಿಲ್ಲವೇ?

ಆಗುವುದಿಲ್ಲ. ವೈದ್ಯರು ಆರಿಸುವಂತಿದ್ದರೆ ಗಟ್ಟಿಮುಟ್ಟಾಗಿರುವವರೆಲ್ಲ ಒಂದು ಕಡೆ, ಸೊರಗಿದವರೆಲ್ಲ ಇನ್ನೊಂದು ಕಡೆ ಸೇರಿ ಫಲಿತಾಂಶ ಸುಳ್ಳಾಗುತ್ತದೆ. ಅದಕ್ಕೇ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಗುಂಪು ಹಂಚುತ್ತದೆ. 1:1 ಎಂದಿದ್ದರೆ ಹೊಸ ಔಷಧಿ ಸಿಗುವ ಸಾಧ್ಯತೆ ಅರ್ಧಕ್ಕರ್ಧ. 2:1 ಎಂದಿದ್ದರೆ ಮೂವರಲ್ಲಿ ಇಬ್ಬರಿಗೆ.

ಸಕ್ಕರೆ ಮಾತ್ರೆಯ ವಿಚಾರಕ್ಕೆ ಬಂದರೆ, ಪರಿಣಾಮಕಾರಿ ಚಿಕಿತ್ಸೆ ಇರುವ ಕ್ಯಾನ್ಸರ್‌ನಲ್ಲಿ ಬರೀ ಪ್ಲಸೀಬೊ (ಔಷಧಿಯಿಲ್ಲದ ಹುಸಿ ಮಾತ್ರೆ) ಕೊಟ್ಟು ಕೂರಿಸುವುದು ನೀತಿಗೆ ವಿರುದ್ಧ. ಸಾಮಾನ್ಯವಾಗಿ ಒಂದು ಗುಂಪಿಗೆ ರೂಢಿಯ ಚಿಕಿತ್ಸೆ ಮತ್ತು ಹೊಸ ಔಷಧಿ, ಇನ್ನೊಂದಕ್ಕೆ ರೂಢಿಯ ಚಿಕಿತ್ಸೆ ಮತ್ತು ಪ್ಲಸೀಬೊ ಇರುತ್ತದೆ. ಬರೀ ಪ್ಲಸೀಬೊ ಬರುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ಚಿಕಿತ್ಸೆ ಮುಗಿದು ಹೇಗೂ ಬರೀ ನಿಗಾದಲ್ಲಿ ಇರಬೇಕಾದಾಗ, ಇಲ್ಲವೇ ಆ ರೋಗಕ್ಕೆ ಒಪ್ಪಿತ ಚಿಕಿತ್ಸೆಯೇ ಇಲ್ಲದಾಗ. ಪ್ಲಸೀಬೊ ಇದ್ದರೆ ಒಪ್ಪಿಗೆ ಪತ್ರದಲ್ಲಿ ಅದು ಬರೆದೇ ಇರಬೇಕು. ಎರಡು ಪ್ರಶ್ನೆ ಕೇಳಿ: ಹೊಸ ಔಷಧಿ ಸಿಗದ ಗುಂಪಿನವರಿಗೆ ನಿಖರವಾಗಿ ಏನು ಕೊಡುತ್ತೀರಿ? ರೋಗ ಹೆಚ್ಚಾದರೆ ಅವರು ಹೊಸ ಔಷಧಿಗೆ ದಾಟಬಹುದೇ? ಮೊದಲ ಉತ್ತರ, ನೀವು ಟ್ರಯಲ್‌ನ ಹೊರಗಿದ್ದರೆ ಸಿಗುವ ಚಿಕಿತ್ಸೆಗಿಂತ ಕಡಿಮೆಯಾಗಿ ಕಂಡರೆ ಸಹಿ ಮಾಡಬೇಡಿ.

‘ಹೊಸದೇ ಬೇಕು’ ಎಂಬ ಆಸೆಯ ಬಗ್ಗೆಯೂ ಒಂದು ಮಾತು, ಏಕೆಂದರೆ ನಿಮ್ಮ ಕಾಯಿಲೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 1990ರ ದಶಕದಲ್ಲಿ, ಭಾರಿ ಡೋಸ್ ಕೀಮೋ ಕೊಟ್ಟು ರೋಗಿಯದೇ ಆಕರಕೋಶಗಳನ್ನು (ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು) ಮರಳಿ ಹಾಕುವ ಚಿಕಿತ್ಸೆ ಸ್ತನ ಕ್ಯಾನ್ಸರ್‌ಗೆ ರಾಮಬಾಣ ಎಂದು ನಂಬಿ ಸಾವಿರಾರು ಮಹಿಳೆಯರು ಟ್ರಯಲ್‌ನ ಹೊರಗೇ ಅದನ್ನು ಪಡೆದರು. 1999ರಿಂದ ಹೊರಬಂದ ಟ್ರಯಲ್ ಫಲಿತಾಂಶಗಳಲ್ಲಿ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ; ಯಾತನೆ ಮಾತ್ರ ಹೆಚ್ಚಿತ್ತು. ಇನ್ನೊಂದು ಕಡೆ, 1976ರಲ್ಲಿ ಅಮೆರಿಕದಲ್ಲಿ ಶುರುವಾದ ಟ್ರಯಲ್ ಒಂದು, ಇಡೀ ಸ್ತನ ತೆಗೆಯುವುದನ್ನೂ ಗಡ್ಡೆಯನ್ನಷ್ಟೇ ತೆಗೆಯುವುದನ್ನೂ ಹೋಲಿಸಿತು. 20 ವರ್ಷದ ನಂತರವೂ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಇಂದು ಎಷ್ಟೋ ಮಹಿಳೆಯರ ಸ್ತನ ಉಳಿಯುತ್ತಿರುವುದು ಅಂದು ಯಾವ ಗುಂಪು ಬಂದರೂ ಸರಿ ಎಂದು ಒಪ್ಪಿದವರಿಂದ.

ಪ್ರಶ್ನೆ: ಒಪ್ಪಿಗೆ ಪತ್ರ ಮೂವತ್ತು ಪುಟಕ್ಕೂ ಹೆಚ್ಚಿದೆ. ಓದಿದರೆ ತಲೆ ತಿರುಗುತ್ತದೆ. ಎಲ್ಲಿಂದ ಓದಬೇಕು?

ಅಲ್ಲೇ ಕೂತು ಸಹಿ ಮಾಡಬೇಡಿ, ಮನೆಗೆ ತನ್ನಿ. ಅದು ನಿಮ್ಮ ಹಕ್ಕು. ಮೊದಲು ಭೇಟಿಗಳ ವೇಳಾಪಟ್ಟಿ ಹುಡುಕಿ. ಎಷ್ಟು ಸಲ ಬರಬೇಕು, ಎಷ್ಟು ಬಯಾಪ್ಸಿ, ಎಷ್ಟು ಸ್ಕ್ಯಾನ್ ಎಂಬುದು ಅಲ್ಲಿದೆ. ಆಮೇಲೆ ‘ಬೇರೆ ಆಯ್ಕೆಗಳು’ ಎಂಬ ಭಾಗ, ನಂತರ ಅಡ್ಡಪರಿಣಾಮ, ಖರ್ಚು, ಹಾನಿಯಾದರೆ ಪರಿಹಾರ ಯಾರು ಕೊಡುತ್ತಾರೆ ಎಂಬುದು. ಕೊನೆಯ ಪುಟಗಳಲ್ಲಿ ಐಚ್ಛಿಕ ಅಂಶಗಳು ಇರುತ್ತವೆ: ಉಳಿದ ರಕ್ತ, ಅಂಗಾಂಶವನ್ನು ಮುಂದಿನ ಸಂಶೋಧನೆಗೆ ಇಡಬಹುದೇ, ಜೀನ್ ಪರೀಕ್ಷೆ ಮಾಡಬಹುದೇ ಎಂಬಂಥವು. ಇವಕ್ಕೆ ‘ಇಲ್ಲ’ ಎಂದು ಗುರುತು ಹಾಕಿಯೂ ಟ್ರಯಲ್‌ಗೆ ಸೇರಬಹುದು. ಎಲ್ಲ ಕಡೆ ಕಣ್ಣು ಮುಚ್ಚಿ ಟಿಕ್ ಹಾಕುವವರೇ ಹೆಚ್ಚು, ನೀವು ಹಾಗೆ ಮಾಡಬೇಡಿ.

ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಓದಲು ಬಾರದವರಿಗೆ ಪೂರ್ತಿ ಓದಿ ಹೇಳಬೇಕು, ಟ್ರಯಲ್ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಎದುರಿಗಿದ್ದು ಸಹಿ ಹಾಕಬೇಕು. ಸಹಿಯಾದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ನಡುವೆ ಹೊಸ ಅಪಾಯ ಗೊತ್ತಾದರೆ ತಿದ್ದಿದ ಪತ್ರ ತಂದು ಮತ್ತೆ ಒಪ್ಪಿಗೆ ಕೇಳುತ್ತಾರೆ. ಹಾಗೆ ಕೇಳಿದರೆ ಗಾಬರಿ ಬೇಡ, ಬದಲಾಗಿದ್ದು ಯಾವ ಸಾಲು ಎಂದು ತೋರಿಸಲು ಹೇಳಿ.

ಪತ್ರದಲ್ಲಿ ಟ್ರಯಲ್‌ನ ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಪಡೆದು, ವಿಶ್ವ ಆರೋಗ್ಯ ಸಂಸ್ಥೆಯ ಟ್ರಯಲ್ ಹುಡುಕಾಟ ಪುಟದಲ್ಲಿ ಹಾಕಿ ನೋಡಿ. ನೋಂದಣಿ ಇಲ್ಲದ ‘ಟ್ರಯಲ್’, ಅದರಲ್ಲೂ ಪ್ರಯೋಗದ ಔಷಧಿಗೇ ದುಡ್ಡು ಕೇಳುವಂಥದ್ದು ಕಂಡರೆ ದೂರ ಇರಿ.

ಪ್ರಶ್ನೆ: ಸಹಿ ಮಾಡಿ, ಹತ್ತಾರು ಪರೀಕ್ಷೆ ಮಾಡಿಸಿದ ಮೇಲೆ ನಮ್ಮ ಅಕ್ಕನಿಗೆ ‘ನೀವು ಅರ್ಹರಲ್ಲ’ ಎಂದುಬಿಟ್ಟರು. ಹಿಮೋಗ್ಲೋಬಿನ್ 8.6 ಇತ್ತಂತೆ. ರಕ್ತ ಹಾಕಿಸಿಕೊಂಡು ಹೋದರೆ ಆಗುವುದಿಲ್ಲವೇ? ಇಷ್ಟು ಕಟ್ಟುನಿಟ್ಟು ಏಕೆ?

ಸಹಿ ಮಾಡುವುದು ಸೇರ್ಪಡೆಯಲ್ಲ, ತಪಾಸಣೆಗೆ ಒಪ್ಪಿಗೆ ಅಷ್ಟೇ. ಇದನ್ನು ತಂಡದವರು ಮೊದಲೇ ಬಿಡಿಸಿ ಹೇಳಬೇಕಿತ್ತು. ತಪಾಸಣೆಯ ಅವಧಿ ಹೆಚ್ಚಾಗಿ 28 ದಿನ. ಅಷ್ಟರಲ್ಲಿ ಎಲ್ಲ ಪರೀಕ್ಷೆಗಳೂ ಮಿತಿಯೊಳಗೆ ಬರಬೇಕು. ಸಾಮಾನ್ಯವಾಗಿ ಕೇಳುವ ಮಿತಿಗಳು: ಹಿಮೋಗ್ಲೋಬಿನ್ 9ಕ್ಕೆ ಕಡಿಮೆಯಿಲ್ಲ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 1,500, ಪ್ಲೇಟ್‌ಲೆಟ್ 1 ಲಕ್ಷ, ಬಿಲಿರುಬಿನ್ ಮೇಲ್ಮಿತಿಯ ಒಂದೂವರೆ ಪಟ್ಟಿನೊಳಗೆ, ಯಕೃತ್ತಿನ ಕಿಣ್ವಗಳು ಮೇಲ್ಮಿತಿಯ ಎರಡೂವರೆ ಪಟ್ಟಿನೊಳಗೆ (ಯಕೃತ್ತಿಗೇ ಕ್ಯಾನ್ಸರ್ ಹರಡಿದ್ದರೆ 5 ಪಟ್ಟು). ಇದರ ಜೊತೆ ಮೂತ್ರಪಿಂಡದ ಪರೀಕ್ಷೆ, ಇಸಿಜಿ, ಕೆಲವು ಔಷಧಿಗಳಿಗೆ ಹೃದಯದ ಎಕೋ, ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಪರೀಕ್ಷೆ, ಗರ್ಭ ಧರಿಸಬಲ್ಲ ವಯಸ್ಸಿನವರಿಗೆ ಗರ್ಭ ಪರೀಕ್ಷೆ.

ಇನ್ನೊಂದು ಅಳತೆ ಓಡಾಟದ್ದು. 0 ಎಂದರೆ ಯಾವ ಅಡ್ಡಿಯೂ ಇಲ್ಲ. 1 ಎಂದರೆ ಹಗುರ ಕೆಲಸ ಮಾಡಬಲ್ಲರು. 2 ಎಂದರೆ ಸ್ನಾನ, ಊಟದಂಥ ತಮ್ಮ ಕೆಲಸ ತಾವೇ ನೋಡಿಕೊಂಡು, ಎಚ್ಚರವಿರುವ ಅರ್ಧಕ್ಕಿಂತ ಹೆಚ್ಚು ಹೊತ್ತು ಎದ್ದಿರುತ್ತಾರೆ. 3 ಎಂದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಅಥವಾ ಕುರ್ಚಿ. 4 ಎಂದರೆ ಪೂರ್ತಿ ಹಾಸಿಗೆ. ಬಹಳಷ್ಟು ಟ್ರಯಲ್‌ಗಳು 0 ಮತ್ತು 1ನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ‘ಇನ್ನೂ ಸ್ವಲ್ಪ ಕಾಯೋಣ’ ಎಂದು ಶಕ್ತಿಯೆಲ್ಲ ಸೋರಿದ ಮೇಲೆ ಟ್ರಯಲ್ ಹುಡುಕುವವರಿಗೆ ಬಾಗಿಲು ಮುಚ್ಚಿರುವುದು ಇದೇ ಕಾರಣಕ್ಕೆ.

ಕಟ್ಟುನಿಟ್ಟಿಗೆ ಕಾರಣ ಸುರಕ್ಷತೆ. ಆಗಲೇ ತಗ್ಗಿರುವ ರಕ್ತವನ್ನು ಔಷಧಿ ಇನ್ನಷ್ಟು ತಗ್ಗಿಸಬಹುದು. ಆಗ ತೊಂದರೆ ರೋಗದ್ದೋ ಔಷಧಿಯದ್ದೋ ಹೇಳಲಾಗದು. ರಕ್ತ ಹಾಕಿಸಿಕೊಳ್ಳುವ ವಿಚಾರ: ಪರೀಕ್ಷೆಗೆ ಮುನ್ನ ಇಷ್ಟು ದಿನ, ಹೆಚ್ಚಾಗಿ ಎರಡು ವಾರ, ರಕ್ತ ಹಾಕಿಸಿಕೊಂಡಿರಬಾರದು ಎಂದು ಅನೇಕ ಪ್ರೋಟೋಕಾಲ್‌ಗಳು ಹೇಳುತ್ತವೆ. ಆದರೆ ಹಿಮೋಗ್ಲೋಬಿನ್ ಇಳಿದಿದ್ದು ಕಬ್ಬಿಣಾಂಶದ ಕೊರತೆಯಿಂದಲೋ, ಎಲ್ಲಾದರೂ ರಕ್ತ ಸೋರುತ್ತಿರುವುದರಿಂದಲೋ ಆಗಿದ್ದರೆ ಅದನ್ನು ಸರಿಪಡಿಸಿ ಮತ್ತೊಮ್ಮೆ ತಪಾಸಣೆಗೆ ಹೋಗಲು ಹಲವು ಟ್ರಯಲ್‌ಗಳಲ್ಲಿ ಅವಕಾಶವಿದೆ. ‘ಮರುತಪಾಸಣೆ ಉಂಟೇ’ ಎಂದು ಕೇಳಿ.

ತಪಾಸಣೆಯಲ್ಲಿ ಜನರಿಗೆ ಹೊಳೆಯದ ತಡೆ ಬಯಾಪ್ಸಿಯ ಬ್ಲಾಕ್. ಹಿಂದೆ ತೆಗೆದ ಅಂಗಾಂಶವನ್ನು ಮೇಣದಲ್ಲಿ ಕೂರಿಸಿ ಪ್ರಯೋಗಾಲಯದಲ್ಲಿ ಇಟ್ಟಿರುತ್ತಾರೆ. ಟ್ರಯಲ್‌ನವರು ಆ ಬ್ಲಾಕ್ ಅಥವಾ ಅದರಿಂದ ಹೊಸದಾಗಿ ಕತ್ತರಿಸಿದ ಹತ್ತು ಹದಿನೈದು ಸ್ಲೈಡ್ ಕೇಳುತ್ತಾರೆ. ಇಲ್ಲಿ ಎಡವಟ್ಟು ಹಲವು ಬಗೆಯಲ್ಲಿ ಆಗುತ್ತದೆ. ಹಿಂದಿನ ಪರೀಕ್ಷೆಗಳಲ್ಲೇ ಅಂಗಾಂಶ ಮುಗಿದಿರುತ್ತದೆ. ಬ್ಲಾಕ್ ಬೇರೆ ಆಸ್ಪತ್ರೆಯಲ್ಲಿದ್ದು ಬರಲು ವಾರಗಟ್ಟಲೆ ಹಿಡಿಯುತ್ತದೆ. ಮೂಳೆಯಿಂದ ತೆಗೆದ ಚೂರಾದರೆ ಅದನ್ನು ಮೆದುಮಾಡಲು ಬಳಸಿದ ಆಮ್ಲದಿಂದ ಡಿಎನ್‌ಎ ಹಾಳಾಗಿರುತ್ತದೆ. ಟ್ರಯಲ್ ಯೋಚನೆ ಬಂದ ದಿನವೇ ‘ಬ್ಲಾಕ್ ಎಲ್ಲಿದೆ, ಎಷ್ಟು ಉಳಿದಿದೆ’ ಎಂದು ವಿಚಾರಿಸಿ, ಪತ್ರ ಕೊಟ್ಟು ತರಿಸಿಕೊಳ್ಳಲು ಶುರುಮಾಡಿ. ಹಿಂದಿನ ಎಲ್ಲ ವರದಿಗಳನ್ನೂ ಸ್ಕ್ಯಾನ್‌ನ ಸಿಡಿಗಳನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿಡಿ.

ಹಿಂದಿನ ಚಿಕಿತ್ಸೆಗೂ ಹೊಸದಕ್ಕೂ ನಡುವೆ ಬಿಡುವು ಬೇಕು: ಕೀಮೋ ಆದರೆ ಹೆಚ್ಚಾಗಿ 3ರಿಂದ 4 ವಾರ, ಸೀಮಿತ ರೇಡಿಯೇಶನ್ ಆದರೆ ಸುಮಾರು 2 ವಾರ, ದೊಡ್ಡ ಶಸ್ತ್ರಚಿಕಿತ್ಸೆಯಾದರೆ 4 ವಾರ. ಈ ಬಿಡುವಿನಲ್ಲಿ ರೋಗ ಬೆಳೆಯಬಹುದು. ವೇಗವಾಗಿ ಬೆಳೆಯುತ್ತಿರುವ ಕ್ಯಾನ್ಸರ್‌ನಲ್ಲಿ ‘ಕಾಯುವ ವಾರಗಳಲ್ಲಿ ಏನು ಮಾಡುತ್ತೇವೆ, ಅರ್ಹತೆ ಸಿಗದಿದ್ದರೆ ಮುಂದೇನು’ ಎಂದು ನಿಮ್ಮ ಮೂಲ ವೈದ್ಯರೊಂದಿಗೆ ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಅರ್ಹತೆ ಸಿಗದಿದ್ದರೆ ಅದು ಅಕ್ಕನವರ ತಪ್ಪಲ್ಲ, ಬಹಳ ಜನರಿಗೆ ಹೀಗೇ ಆಗುತ್ತದೆ. ಮಾಡಿಸಿದ ಪರೀಕ್ಷೆಗಳ ಪ್ರತಿ ಕೇಳಿ ಪಡೆಯಿರಿ. ಮುಂದಿನ ಚಿಕಿತ್ಸೆಗೆ ಬಳಕೆಯಾಗುತ್ತವೆ.

ಪ್ರಶ್ನೆ: ಕೆಲಸಕ್ಕೆ ಎಷ್ಟು ರಜೆ ಹಾಕಬೇಕಾಗುತ್ತದೆ? ದಿನವಿಡೀ ರಕ್ತ ತೆಗೆಯುತ್ತಾರಂತೆ?

ಮೊದಲ ಸೈಕಲ್ (ಔಷಧಿಯ ಒಂದು ಸುತ್ತು) ಭಾರ, ಆಮೇಲೆ ಹಗುರ. ಮೊದಲ ಹಂತದ ಟ್ರಯಲ್‌ನ ಮೊದಲ ದಿನ ಬೆಳಗಿನಿಂದ ಸಂಜೆವರೆಗೆ ಅಲ್ಲೇ ಇರಬೇಕು. ಔಷಧಿಗೆ ಮುಂಚೆ ಒಮ್ಮೆ, ಆಮೇಲೆ ಅರ್ಧ ಗಂಟೆ, 1, 2, 4, 6, 8 ಗಂಟೆಗೆ, ಮಾರನೆಯ ದಿನ 24 ಗಂಟೆಗೆ ಹೀಗೆ ರಕ್ತ ತೆಗೆಯುವುದು ವಾಡಿಕೆ. ಪ್ರತಿ ಸಲ ಕೆಲವು ಮಿಲಿಲೀಟರ್ ಮಾತ್ರ. ಒಂದೇ ಸೂಜಿನಳಿಕೆ ಇಟ್ಟು ತೆಗೆಯಿರಿ ಎಂದು ಕೇಳಿಕೊಳ್ಳಿ, ಪದೇ ಪದೇ ಚುಚ್ಚುವುದು ತಪ್ಪುತ್ತದೆ. ಔಷಧಿ ಹರಿಯುವ ಕೈಯಿಂದಲೇ ರಕ್ತ ತೆಗೆಯುವಂತಿಲ್ಲ, ಔಷಧಿ ಬೆರೆತು ಲೆಕ್ಕ ತಪ್ಪುತ್ತದೆ. ಅದಕ್ಕೇ ಎರಡೂ ಕೈಗೆ ನಳಿಕೆ ಬೀಳಬಹುದು. ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ.

ಅತಿ ಸಾಮಾನ್ಯ ತಪ್ಪು ಒಂದಿದೆ: ಮಾತ್ರೆಯ ಟ್ರಯಲ್‌ನಲ್ಲಿರುವವರು ಅಭ್ಯಾಸಬಲದಿಂದ ಮನೆಯಲ್ಲೇ ಮಾತ್ರೆ ನುಂಗಿ ಆಸ್ಪತ್ರೆಗೆ ಬರುತ್ತಾರೆ. ಔಷಧಿಗೆ ಮುಂಚಿನ ರಕ್ತ ಅಲ್ಲಿಗೆ ತಪ್ಪಿತು, ಆ ದಿನದ ಅಳತೆಯೇ ಕೆಟ್ಟಿತು. ಭೇಟಿಯ ದಿನ ಮಾತ್ರೆ ಚೀಲದಲ್ಲಿರಲಿ, ಅಲ್ಲಿ ಹೇಳಿದ ಮೇಲೆ ತೆಗೆದುಕೊಳ್ಳಿ. ಒಂದು ಡೋಸ್ ಮರೆತರೆ ಮುಂದಿನ ಸಲ ಎರಡು ತೆಗೆದುಕೊಳ್ಳಬೇಡಿ. ವಾಂತಿಯಾಗಿ ಹೋದರೂ ಕೇಳದೆ ಮತ್ತೆ ನುಂಗಬೇಡಿ. ಎರಡನ್ನೂ ಡೈರಿಯಲ್ಲಿ ಸಮಯದ ಸಮೇತ ಬರೆಯಿರಿ. ಖಾಲಿ ಬಾಟಲಿ, ಉಳಿದ ಮಾತ್ರೆ ಎಸೆಯದೆ ವಾಪಸು ತನ್ನಿ, ಎಣಿಸುತ್ತಾರೆ.

ಎರಡು ಮೂರು ಸೈಕಲ್ ಕಳೆದ ಮೇಲೆ ಅನೇಕ ಟ್ರಯಲ್‌ಗಳಲ್ಲಿ 3 ಅಥವಾ 4 ವಾರಕ್ಕೊಮ್ಮೆ ಭೇಟಿ, 6ರಿಂದ 8 ವಾರಕ್ಕೊಮ್ಮೆ ಸ್ಕ್ಯಾನ್. ಭೇಟಿಯ ದಿನ ಒಂದೆರಡು ದಿನ ಆಚೀಚೆಯಾಗಲು ಪ್ರೋಟೋಕಾಲ್‌ನಲ್ಲೇ ಜಾಗ ಇರುತ್ತದೆ. ಮದುವೆ, ಪರೀಕ್ಷೆ, ಪ್ರಯಾಣ ಇದ್ದರೆ ಭೇಟಿಗಳನ್ನು ಹೊಂದಿಸುವ ಟ್ರಯಲ್ ಕೋಆರ್ಡಿನೇಟರ್‌ಗೆ ಮೊದಲೇ ಹೇಳಿ.

ಪ್ರಶ್ನೆ: ಅಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಜೊತೆಗೆ ಗಿಡಮೂಲಿಕೆಯ ಪುಡಿಯೊಂದನ್ನು ತೆಗೆದುಕೊಳ್ಳುತ್ತಾರೆ. ಟ್ರಯಲ್‌ನವರಿಗೆ ಹೇಳಿದರೆ ಸೇರಿಸಿಕೊಳ್ಳುವುದಿಲ್ಲ ಎಂದು ಹೇಳಿಲ್ಲ. ತೊಂದರೆಯೇ?

ತೊಂದರೆ ಇದೆ, ಇವತ್ತೇ ಹೇಳಿ. ಅನೇಕ ಕ್ಯಾನ್ಸರ್ ಮಾತ್ರೆಗಳನ್ನು ಯಕೃತ್ತಿನ ಒಂದೇ ಕಿಣ್ವವ್ಯವಸ್ಥೆ ಕರಗಿಸುತ್ತದೆ. ಅದನ್ನು ತಡೆಯುವ ಪದಾರ್ಥ ಸೇರಿದರೆ ಔಷಧಿ ರಕ್ತದಲ್ಲಿ ಏರಿ ವಿಷವಾಗುತ್ತದೆ; ಕೆರಳಿಸುವ ಪದಾರ್ಥ ಸೇರಿದರೆ ಔಷಧಿ ಬೇಗ ಕರಗಿ ನಿಷ್ಫಲವಾಗುತ್ತದೆ. ಶಿಲೀಂಧ್ರಕ್ಕೆ ಕೊಡುವ ಇಟ್ರಕೊನಜೋಲ್, ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್, ದ್ರಾಕ್ಷಿಹಣ್ಣಲ್ಲದ ಗ್ರೇಪ್‌ಫ್ರೂಟ್ ಎಂಬ ಕಿತ್ತಳೆ ಜಾತಿಯ ಹಣ್ಣು ತಡೆಯುವ ಗುಂಪಿನವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟೊಯಿನ್, ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಕೆರಳಿಸುವ ಗುಂಪಿನವು. ಆಮ್ಲ ತಗ್ಗಿಸುವ ಹೊಟ್ಟೆಯ ಮಾತ್ರೆ ಕೂಡ ಕೆಲವು ಔಷಧಿ ಹೀರದಂತೆ ಮಾಡುತ್ತದೆ. ಪುಡಿಯಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದಾಗ ಅದು ಯಾವ ಗುಂಪಿಗೆ ಸೇರುತ್ತದೆ ಎಂದೂ ಗೊತ್ತಾಗದು. ಯಕೃತ್ತಿನ ಪರೀಕ್ಷೆ ಏರಿದರೆ ತಂಡ ಟ್ರಯಲ್ ಔಷಧಿಯನ್ನೇ ದೂಷಿಸಿ ಡೋಸ್ ಇಳಿಸುತ್ತದೆ ಅಥವಾ ನಿಲ್ಲಿಸುತ್ತದೆ, ಅಮ್ಮನಿಗೆ ನಷ್ಟ.

ಸಕ್ಕರೆಯ ಮಾತ್ರೆ ಹೇಳಿದರೆ ಸಾಮಾನ್ಯವಾಗಿ ಹೊರಹಾಕುವುದಿಲ್ಲ, ಬೇಕಾದರೆ ಬದಲಿಸಿ ಕೊಡುತ್ತಾರೆ. ಎಲ್ಲ ಡಬ್ಬಿಗಳನ್ನೂ, ಪುಡಿಯ ಪೊಟ್ಟಣವನ್ನೂ, ಒಂದೇ ಚೀಲದಲ್ಲಿ ಹಾಕಿ ಭೇಟಿಗೆ ಒಯ್ಯಿರಿ.

ಪ್ರಶ್ನೆ: ರಾತ್ರಿ ಜ್ವರ ಬಂದರೆ ಬೆಳಗಿನವರೆಗೆ ಕಾಯಬಹುದೇ? ಹತ್ತಿರದ ಡಾಕ್ಟರಿಗೆ ಟ್ರಯಲ್ ಔಷಧಿಯ ಬಗ್ಗೆ ಏನೂ ಗೊತ್ತಿರುವುದಿಲ್ಲ.

ಕಾಯಬಾರದು. ಥರ್ಮಾಮೀಟರ್ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ತೋರಿಸಿದರೆ ಮೊದಲು ಟ್ರಯಲ್‌ನ 24 ಗಂಟೆ ನಂಬರಿಗೆ ಫೋನ್ ಮಾಡಿ, ತಕ್ಷಣ ಸಿಗದಿದ್ದರೆ ತುರ್ತು ವಿಭಾಗಕ್ಕೆ ಹೊರಡಿ. ಬಿಳಿ ರಕ್ತಕಣ ಕುಸಿದಾಗ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಅಂಥವರಿಗೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಶುರುವಾಗಬೇಕು ಎಂಬುದು ಒಪ್ಪಿತ ನಿಯಮ. ಪ್ಯಾರಸಿಟಮಾಲ್ ನುಂಗಿ ಜ್ವರ ಮುಚ್ಚಿಹಾಕಬೇಡಿ.

ಸೇರಿದ ದಿನವೇ ಒಂದು ಕಾರ್ಡ್ ಕೊಡುತ್ತಾರೆ: ಟ್ರಯಲ್ ಹೆಸರು, ಔಷಧಿ, ನಿಮ್ಮ ಸಂಖ್ಯೆ, ತುರ್ತು ಫೋನ್. ಅದು ಸದಾ ಜೇಬಿನಲ್ಲಿರಲಿ, ಅದರ ಫೋಟೊ ಮನೆಯವರ ಫೋನಿನಲ್ಲೂ ಇರಲಿ. ಯಾವ ಗುಂಪು ಎಂದು ಗುಟ್ಟಾಗಿಟ್ಟ ಟ್ರಯಲ್ ಆದರೂ, ಚಿಕಿತ್ಸೆಗೆ ಅಗತ್ಯಬಿದ್ದರೆ ಆ ಗುಟ್ಟು ತೆರೆಯುವ ವ್ಯವಸ್ಥೆ ಇದ್ದೇ ಇರುತ್ತದೆ.

ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಮ್ಯುನೊಥೆರಪಿ ಔಷಧಿಗಳಲ್ಲಿ ಎಚ್ಚರ ಬೇರೆ ತೆರನಾದದ್ದು. ಅಲ್ಲಿ ಭೇದಿ ಎಂದರೆ ಕರುಳಿನ ಉರಿಯೂತ ಇರಬಹುದು, ಒಣ ಕೆಮ್ಮು ಎಂದರೆ ಶ್ವಾಸಕೋಶದ್ದು. ದಿನನಿತ್ಯಕ್ಕಿಂತ 4 ಸಲ ಹೆಚ್ಚು ಭೇದಿಯಾದರೆ ಅಂದೇ ತಿಳಿಸಬೇಕು. 7 ಸಲ ಹೆಚ್ಚಾದರೆ ಅದು ತೀವ್ರ ದರ್ಜೆ. ಭೇದಿ ನಿಲ್ಲಿಸುವ ಮಾತ್ರೆ ತಾವೇ ನುಂಗಿ ಎರಡು ದಿನ ಕಾದವರಿಗೆ ಸ್ಟೀರಾಯ್ಡ್ ಚಿಕಿತ್ಸೆ ತಡವಾಗಿ, ಕರುಳಿಗೆ ರಂಧ್ರ ಬೀಳುವ ಅಪಾಯ ಹೆಚ್ಚುತ್ತದೆ. ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಇದು ಬರಬಹುದು, ಕಾರ್ಡ್ ಎಸೆಯಬೇಡಿ.

ಅಡ್ಡಪರಿಣಾಮಗಳಿಗೆ 1ರಿಂದ 5ರವರೆಗೆ ದರ್ಜೆ ಇದೆ: ಸೌಮ್ಯ, ಮಧ್ಯಮ, ತೀವ್ರ, ಪ್ರಾಣಾಪಾಯ, ಸಾವು. 3 ತಲುಪಿದರೆ ಸಾಮಾನ್ಯವಾಗಿ ಔಷಧಿ ತಡೆಹಿಡಿದು, 1ಕ್ಕೆ ಇಳಿದ ಮೇಲೆ ಕಡಿಮೆ ಡೋಸ್‌ನಲ್ಲಿ ಮತ್ತೆ ಶುರು. ‘ಹೇಳಿದರೆ ಟ್ರಯಲ್‌ನಿಂದ ತೆಗೆದುಬಿಡುತ್ತಾರೆ’ ಎಂದು 2ರಲ್ಲಿ ಬಾಯಿ ಮುಚ್ಚಿಕೊಂಡವರೇ 3, 4ಕ್ಕೆ ಹೋಗಿ ನಿಜವಾಗಿಯೂ ಹೊರಬೀಳುತ್ತಾರೆ.

ಪ್ರಶ್ನೆ: ಯಜಮಾನರ ಗಡ್ಡೆ ಶುರುವಿಗಿಂತ ಈಗಲೂ ಸಣ್ಣದೇ ಇದೆ, ಅವರು ಆರಾಮಾಗಿದ್ದಾರೆ. ಆದರೂ ರೋಗ ಹೆಚ್ಚಾಗಿದೆ ಎಂದು ಟ್ರಯಲ್ ಔಷಧಿ ನಿಲ್ಲಿಸಿದರು. ಇದು ಯಾವ ನ್ಯಾಯ?

ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಲೆಕ್ಕವನ್ನು ಬಿಡಿಸಿ ಹೇಳುತ್ತೇವೆ. ಅಳೆಯಲು ಗರಿಷ್ಠ 5 ಗಡ್ಡೆಗಳನ್ನು, ಒಂದು ಅಂಗದಿಂದ ಎರಡಕ್ಕಿಂತ ಹೆಚ್ಚಿಲ್ಲದಂತೆ, ಆರಿಸಿ ಅವುಗಳ ಉದ್ದ ಕೂಡುತ್ತಾರೆ. ಶುರುವಿನಲ್ಲಿ ಮೊತ್ತ 80 ಮಿ.ಮೀ. ಇತ್ತು ಎನ್ನೋಣ. 30 ಶೇಕಡಾ ಕುಗ್ಗಿ 56ಕ್ಕೆ ಇಳಿದರೆ ‘ಭಾಗಶಃ ಪ್ರತಿಕ್ರಿಯೆ’. ಅದು 50ರವರೆಗೆ ಇಳಿಯಿತು. ಇಲ್ಲಿಂದ ಮುಂದೆ ಹೋಲಿಕೆ 80ರ ಜೊತೆಗಲ್ಲ, ಅತಿ ಕಡಿಮೆಯಾದ 50ರ ಜೊತೆ. ಅದಕ್ಕಿಂತ 20 ಶೇಕಡಾ, ಕನಿಷ್ಠ 5 ಮಿ.ಮೀ. ಹೆಚ್ಚಿದರೆ ರೋಗ ಮುಂದುವರಿದಿದೆ ಎಂದರ್ಥ. ಅಂದರೆ 60 ಆದಾಗ. 80ಕ್ಕಿಂತ ಸಣ್ಣದಿದ್ದರೂ ಉಳಿದ ಜೀವಕೋಶಗಳು ಔಷಧಿಗೆ ಬಗ್ಗದೆ ಬೆಳೆಯತೊಡಗಿವೆ ಎಂಬ ಸೂಚನೆ ಅದು. ಎಲ್ಲಾದರೂ ಹೊಸ ಗಡ್ಡೆ ಕಂಡರೂ ಹಾಗೆಯೇ.

ಇಮ್ಯುನೊಥೆರಪಿಯಲ್ಲಿ ಮಾತ್ರ, ರೋಗನಿರೋಧಕ ಕಣಗಳು ನುಗ್ಗಿ ಗಡ್ಡೆ ತಾತ್ಕಾಲಿಕವಾಗಿ ಊದಿದಂತೆ ಕಾಣುವುದು ಅಪರೂಪಕ್ಕೆ ಉಂಟು. ಅದಕ್ಕೆ 4ರಿಂದ 8 ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿ ಖಚಿತಪಡಿಸುತ್ತಾರೆ. ‘ರೋಗ ಹೆಚ್ಚಿದ ನಂತರವೂ ವೈದ್ಯರಿಗೆ ಲಾಭ ಕಂಡರೆ ಮುಂದುವರಿಸಬಹುದು’ ಎಂಬ ಅಂಶ ನಿಮ್ಮ ಪ್ರೋಟೋಕಾಲ್‌ನಲ್ಲಿದೆಯೇ ಎಂದು ಕೇಳಿ.

ಪ್ರಶ್ನೆ: ಎಲ್ಲವೂ ಉಚಿತವೇ?

ಪ್ರಯೋಗದ ಔಷಧಿ ಮತ್ತು ಟ್ರಯಲ್‌ಗೆಂದೇ ಮಾಡುವ ಪರೀಕ್ಷೆಗಳ ಖರ್ಚು ಸಾಮಾನ್ಯವಾಗಿ ಪ್ರಾಯೋಜಕರದು, ಅಂದರೆ ಟ್ರಯಲ್ ನಡೆಸುವ ಕಂಪನಿ ಅಥವಾ ಸಂಸ್ಥೆಯದು. ಆದರೆ ಟ್ರಯಲ್ ಇಲ್ಲದಿದ್ದರೂ ಮಾಡಬೇಕಿದ್ದ ರೂಢಿಯ ಕೀಮೋ, ಸ್ಕ್ಯಾನ್, ದಾಖಲಾತಿ ನಿಮ್ಮ ಲೆಕ್ಕಕ್ಕೆ ಬರಬಹುದು. ಜಗಳ ಬರುವುದು ಇಲ್ಲಿಯೇ. ವೇಳಾಪಟ್ಟಿಯ ಪ್ರತಿ ಸಾಲಿನ ಎದುರು ‘ಯಾರು ಕೊಡುತ್ತಾರೆ’ ಎಂದು ಕೋಆರ್ಡಿನೇಟರ್ ಕೈಯಲ್ಲಿ ಬರೆಸಿಕೊಳ್ಳಿ. ವಿಮೆ ಇದ್ದರೆ ಟ್ರಯಲ್‌ಗೆ ಸೇರಿದ ಮೇಲೂ ಅದು ನಡೆಯುತ್ತದೆಯೇ ಎಂದು ವಿಮಾ ಸಂಸ್ಥೆಯಿಂದ ಲಿಖಿತವಾಗಿ ಪಡೆಯಿರಿ. ಪ್ರಯಾಣದ ಖರ್ಚು ಕೊಡುವುದಾದರೆ ಟಿಕೆಟ್, ರಸೀದಿ ಜೋಪಾನ.

ಪ್ರಶ್ನೆ: ನಡುವೆ ಬಿಟ್ಟುಬಿಡಬಹುದೇ? ಟ್ರಯಲ್ ಮುಗಿದ ಮೇಲೆ ಔಷಧಿ ಸಿಗುತ್ತದೆಯೇ?

ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು. ಬಿಡುವುದರಲ್ಲಿ ಮಟ್ಟಗಳಿವೆ: ಔಷಧಿ ಮಾತ್ರ ಬಿಟ್ಟು ಸ್ಕ್ಯಾನ್‌ಗೆ ಬರುವುದು, ಆಸ್ಪತ್ರೆಗೆ ಬರದೆ ಫೋನಿನಲ್ಲಿ ಹೇಗಿದ್ದೀರಿ ಎಂದು ಕೇಳಲು ಮಾತ್ರ ಒಪ್ಪುವುದು, ಪೂರ್ತಿ ಬಿಡುವುದು. ಈವರೆಗೆ ಸಂಗ್ರಹಿಸಿದ ಮಾಹಿತಿ ಅವರಲ್ಲೇ ಉಳಿಯುತ್ತದೆ, ನಿಮ್ಮ ಹೆಸರಿನ ಬದಲು ಸಂಖ್ಯೆಯ ಅಡಿಯಲ್ಲಿ. ಉಳಿದ ಅಂಗಾಂಶ ನಾಶಮಾಡಿ ಎಂದು ಕೇಳಬಹುದು. ಹೇಳದೆ ಕೇಳದೆ ಹೋಗುವುದನ್ನು ಮಾತ್ರ ಮಾಡಬೇಡಿ: ಕೆಲವು ಔಷಧಿಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಕೊನೆಯ ಸುರಕ್ಷತಾ ತಪಾಸಣೆ ಹೆಚ್ಚಾಗಿ ಕೊನೆಯ ಡೋಸ್‌ನ 30 ದಿನದ ಸುಮಾರಿಗೆ ಇರುತ್ತದೆ. ಗರ್ಭ ನಿಯಂತ್ರಣದ ನಿಯಮವೂ ಕೊನೆಯ ಡೋಸ್‌ನ ನಂತರ ಕೆಲವು ತಿಂಗಳು ನಡೆಯುತ್ತದೆ, ಗಂಡಸರಿಗೂ.

ಔಷಧಿಯಿಂದ ಲಾಭ ಆಗುತ್ತಿರುವಾಗಲೇ ಟ್ರಯಲ್ ಮುಗಿದರೆ ಮುಂದುವರಿಸಿ ಕೊಡುವ ಏರ್ಪಾಡು ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇಲ್ಲ. ಅದನ್ನು ಕೇಳಬೇಕಾದ್ದು ಸಹಿ ಮಾಡುವ ಮುಂಚೆ. ಜೊತೆಗೆ, ಈ ಔಷಧಿ ತೆಗೆದುಕೊಂಡರೆ ಮುಂದೆ ಅದೇ ಗುಂಪಿನ ಬೇರೆ ಟ್ರಯಲ್‌ಗಳಿಗೆ ಅರ್ಹತೆ ತಪ್ಪುತ್ತದೆಯೇ ಎಂಬುದನ್ನೂ ಅದೇ ದಿನ ಕೇಳಿ ಬರೆದಿಟ್ಟುಕೊಳ್ಳಿ.